ಬಲಮೂಲೆಯ ನಕ್ಷೆ

ಮೂವತ್ತೇಳು ವರ್ಷದ ಮೇಲೆ
ಅಂಚೆಯಲ್ಲಿ ಪೆಟ್ಟಿಗೆ ಬಂದಿದೆ:
ನಾಲ್ಕು ಡಿಸ್ಕು, ಒಂದು ಚಿತ್ರಪುಸ್ತಕ,
ಗೀರು ತೆಗೆದು, ಬಣ್ಣ ತೊಳೆದು
ಹೊಸದಾಗಿ ಹೊಳೆಸಿದ ಇಪ್ಪತ್ತೆರಡು ಕಂತು.
ಬೆಲೆ ಹೇಳಿದರೆ ಗಿರಾಕಿಗಳು ನಗುತ್ತಾರೆ.
ಹೇಳಿಲ್ಲ.

ಹಾಚಿನೊಹೆ ಬಂದರಿನ ಹಿಂಬದಿಗೆ
ನನ್ನದೊಂದು ಕ್ಷೌರದಂಗಡಿ, ಎರಡೇ ಕುರ್ಚಿ.
ಸೋಮವಾರ ರಜೆ.
ಇವತ್ತು ಸೋಮವಾರ.

ಕತೆ ಇಷ್ಟೆ:
ಮಳೆಯೇ ಬಾರದ ಊರು. ಅಲ್ಲೊಬ್ಬ ಹುಡುಗ
ಕೊಡೆ ರಿಪೇರಿ ಮಾಡುತ್ತಾನೆ.
ಯಾರು ಬರುತ್ತಾರೆ ಅನ್ನಬೇಡಿ, ಬರುತ್ತಾರೆ,
ಕಂತಿಗೊಬ್ಬರಂತೆ,
ಮುರಿದ ಕಡ್ಡಿ, ಹರಿದ ಬಟ್ಟೆ,
ಜೈಲಿನಿಂದ ಬಂದವನ ಕೈಯಲ್ಲಿ ಬರೀ ಹಿಡಿ.
ಹುಡುಗ ಕೇಳುವುದು ಒಂದೇ ಮಾತು:
ಇದು ಕೊನೆಯ ಸಲ ನೆನೆದದ್ದು ಯಾವಾಗ?
ಇಪ್ಪತ್ತಾರಾಗಬೇಕಿತ್ತು. ನೋಡುವವರಿಲ್ಲವೆಂದು
ಇಪ್ಪತ್ತೆರಡಕ್ಕೇ ನಿಲ್ಲಿಸಿದರು.
ಮಳೆ ಬರಲೇ ಇಲ್ಲ.

ಒಪ್ಪಿಕೊಳ್ಳುತ್ತೇನೆ, ದುಡ್ಡಿರಲಿಲ್ಲ ಅವರಲ್ಲಿ.
ಒಂದೇ ನಾಯಿ ಎಲ್ಲ ಬೀದಿಯಲ್ಲೂ ನಡೆಯುತ್ತದೆ,
ಪ್ರತಿ ಸಲವೂ ಎಡಗಾಲು ಮುಂದೆ.
ಹನ್ನೆರಡನೆಯದರಲ್ಲಿ ಅರ್ಧ ನಿಮಿಷ ಬರೀ ಗೋಡೆ,
ಗೋಡೆಯ ಹಿಂದಿನಿಂದ ಮಾತು.
"ಈ ಗೋಡೆಯಷ್ಟು ಚೆನ್ನಾಗಿ ಇನ್ನಾರೂ ನಟಿಸಿಲ್ಲ"
ಅಂದಿದ್ದಳು ಮಿಸಾವೊ.
ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.
ಈಗ ಅನ್ನಿಸುತ್ತದೆ, ಹೊಗಳಿದ್ದಳೇನೋ.

ಹತ್ತೊಂಬತ್ತನೆಯ ಕಂತಿನ ಸಂಜೆ, ಐದೂವರೆ.
ಕ್ಯಾಸೆಟ್ ತುರುಕಿ, ಕೆಂಪು ಗುಂಡಿ ಒತ್ತಿ ಕೂತಿದ್ದೆ.
ನೆಲ ನಡುಗಿತು. ಗೂಡಿನೊಳಗೆ ಬಟ್ಟಲುಗಳು
ಕಿಣಿಕಿಣಿ ಅಂದವು, ಸುಮ್ಮನಾದವು.
ಪರದೆಯ ಬಲಮೂಲೆಯಲ್ಲಿ
ನಮ್ಮ ಕರಾವಳಿಯ ನಕ್ಷೆ ಮೂಡಿ
ಹಳದಿ ಅಂಚು ಮಿಟುಕತೊಡಗಿತು:
ಅಲೆ ಬರಬಹುದು. ಅಲೆ ಬರಬಹುದು.
ಅದರ ಪಕ್ಕದಲ್ಲೇ ಹುಡುಗ
ಸೂಜಿಗೆ ದಾರ ಪೋಣಿಸುತ್ತಿದ್ದ.

ಅಪ್ಪ ಬಂದರಿನಲ್ಲಿದ್ದ,
ಬೊಂಡಾಸ್ ದೋಣಿಯ ದೀಪ ಒರೆಸುತ್ತ.
ಗುಡ್ಡ ಹತ್ತಿ ಓಡಿ ಬಂದ, ಏದುಸಿರು,
ರಬ್ಬರ್ ಬೂಟಿನಲ್ಲೇ ಚಾಪೆಯ ಮೇಲೆ ಕಾಲಿಟ್ಟ.
ನಮ್ಮಲ್ಲಿ ಸತ್ತರೂ ಹಾಗೆ ಮಾಡುವುದಿಲ್ಲ.
ಅಮ್ಮ ಬಾಯಿ ತೆರೆದವಳು ಹಾಗೇ ನಿಂತಳು.
ಅಪ್ಪ ನಕ್ಷೆಯ ಮುಂದೆ ಕುಕ್ಕರಿಸಿ
ಕಣ್ಣು ಕೀಳದೆ ನೋಡಿದ,
ಮೂರು ನಿಮಿಷವೋ, ನಾಲ್ಕೋ.
ಆಮೇಲೆ, ಹವೆ ವಿಚಾರಿಸುವ ದನಿಯಲ್ಲಿ:
"ಆ ಹುಡುಗನಿಗೆ ನೆರಳೇಕಿಲ್ಲ?"

ಬಂದ ಅಲೆ ಒಂದು ಗೇಣು.
ದೋಣಿಗೆ ಕಟ್ಟಿದ ಹಗ್ಗ ಕೂಡ ಬಿಗಿಯಲಿಲ್ಲವಂತೆ.
ಚಾಪೆಯ ಮೇಲಿನ ಬೂಟಿನ ಗುರುತು
ಹೊಸ ವರ್ಷದ ತನಕ ಹೋಗಲಿಲ್ಲ.

ನೆರಳು ನಿಜಕ್ಕೂ ಇರಲಿಲ್ಲ.
ಕಂಬಕ್ಕಿದೆ, ನಾಯಿಗಿದೆ, ಕುಂಟ ಸ್ಟೂಲಿಗೂ ಇದೆ.
ನಿದ್ದೆಗೆಟ್ಟ ಯಾರೋ ಬಳಿಯಲು ಮರೆತಿರಬೇಕು.
ಹದಿನೇಳರಲ್ಲಿ ನಾನು ನಲವತ್ತು ಪುಟ ಬರೆದೆ,
ಅವನೇ ಮಳೆ, ಮಳೆಗೆಲ್ಲಿಯ ನೆರಳು ಅಂತ.
ಯಾರೂ ಓದಲಿಲ್ಲ. ಒಳ್ಳೆಯದಾಯಿತು.

ಟೇಪು ಸವೆಯಿತು. ಮುಖಗಳು ಹಿಟ್ಟಾದವು,
ನಕ್ಷೆ ಮಾತ್ರ ಕೊನೆಯ ತನಕ ಚೂಪು.
ಅಪ್ಪ ಹೋಗಿ ಒಂಬತ್ತು ವರ್ಷ.
ಆಸ್ಪತ್ರೆಯಲ್ಲಿ, ಹಾಸಿಗೆಯ ಮೇಲೆ.
ಕಡಲಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಹತ್ತೊಂಬತ್ತು.
ಎಷ್ಟು ಶುಭ್ರ! ಸೂಜಿಯ ಕಣ್ಣು ಕಾಣುತ್ತದೆ.
ನನ್ನ ಕಣ್ಣು ತಾನಾಗಿ ಬಲಮೂಲೆಗೆ ಹೋಯಿತು,
ನಕ್ಷೆ ಇರಬೇಕಾದಲ್ಲಿಗೆ.

ಅಲ್ಲೊಂದು ಮೊಳೆ.
ಮೊಳೆಗೆ ಮಗುವಿನ ರೈನ್‌ಕೋಟು.
ತೋಳಿನ ತುದಿಯಿಂದ
ತೊಟ್ಟಿಕ್ಕುತ್ತಿದೆ.

ನಿಲ್ಲಿಸಿದೆ. ಹಿಂದಕ್ಕೆ ಸರಿಸಿದೆ. ಮತ್ತೆ ನೋಡಿದೆ.
ಮೂರು ಹನಿ, ಕೆಳಗೆ ಚಿಕ್ಕ ಮಡುವು.
ದುಡ್ಡಿಲ್ಲದವರು, ನಾಯಿಯ ಬಲಗಾಲು ಎತ್ತಲಾರದವರು,
ಮಾತಿಲ್ಲದೆ ಇದನ್ನು ಬರೆದಿಟ್ಟು ಹೋಗಿದ್ದಾರೆ,
ನಮ್ಮೂರಿನ ಹಳದಿ ಗಡಿಯ ಅಡಿಯಲ್ಲಿ.

ಅಪ್ಪಾ, ನೀನು ಅಷ್ಟು ಹೊತ್ತು
ನೋಡಿದ್ದು ಅದೇ ಮೂಲೆಯನ್ನು.

ನೆರಳು? ಇಲ್ಲ.
ತೊಳೆದವರೂ ಗಮನಿಸಿಲ್ಲ.